ನನ್ನ ಕೈಯಿಂದಾಯ್ತು

ಚಳಿಗಾಲ ಮುಗಿಯುತ್ತ ಬಂದಿತ್ತು. ಆದರೂ ಬಿಸಿಲು ಮುಖ ತೋರಿಸಿ ವಾರಗಳಾಗಿದ್ದವು. ರಾತ್ರಿಪಾಳಿಯವರು ಕಣ್ಣುಜ್ಜಿಕೊಂಡು ಮನೆಗೆ ಹೊರಟು, ಹಗಲುಪಾಳಿಯವರು ಕೈ ಉಜ್ಜಿಕೊಂಡು ಒಳಗೆ ಬರುವ ಹೊತ್ತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಮನೆಯಲ್ಲಿ, ದೊಡ್ಡಕ್ಕ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ರಕ್ತದ ಬಟ್ಟೆಯ ತೊಟ್ಟಿಗೆ ಕೈ ಹಾಕಿದ್ದಳು. ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸಿತು.

ಮೇಲಿನವರು ಆ ಮೆಟ್ಟಿಲು ಇಳಿಯುವುದು ಕಡಿಮೆ. ಏನಾದರೂ ಬೇಕಿದ್ದರೆ ಗಾಡಿ ತಳ್ಳುವವನ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. ಆ ದಿನ ಇಳಿದು ಬಂದವಳು ಎಳೆಮಕ್ಕಳ ವಾರ್ಡಿನ ಸಿಸ್ಟರ್. ಕೈಯಲ್ಲೊಂದು ಬಟ್ಟೆಯ ಗಂಟು. ಅದನ್ನು ಮೈಗೆ ತಾಗದಂತೆ ದೂರ ಹಿಡಿದಿದ್ದಳು.

"ನಿಮ್ಮಿಂದಲೇ ಬಂದ ಗಂಟು ಇದು," ಅಂದಳು ಸಿಸ್ಟರ್. "ಒಳಗಿನ ಮಡಿಕೆ ಬಿಚ್ಚಿ ನೋಡು."

ದೊಡ್ಡಕ್ಕ ಕೈ ಒರೆಸಿಕೊಂಡು ಬಿಚ್ಚಿದಳು. ಮಕ್ಕಳಿಗೆ ಸುತ್ತುವ ಸಣ್ಣ ಬಟ್ಟೆಗಳು. ಮೇಲಿನದು ಗರಿಗರಿಯಾಗಿತ್ತು. ಒಳಗಿನದು ತಣ್ಣಗಿತ್ತು. ಅಂಚು ಮಡಿಸಿ ಹೊಲಿದ ಕಡೆ ಉದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಬೂಷ್ಟು.

ಸಿಸ್ಟರ್ ನಿಂತಲ್ಲೇ ನಿಂತು ಹೇಳಿದಳು. ದಿನ ತುಂಬದೆ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ ಮಕ್ಕಳ ಚರ್ಮ ಈರುಳ್ಳಿಯ ಸಿಪ್ಪೆಗಿಂತ ತೆಳು. ಬಟ್ಟೆ ತಾಗಿದ ಕಡೆಯೆಲ್ಲ, ಬೆನ್ನಿಗೆ, ತೊಡೆಗೆ, ಕಪ್ಪು ಹುಣ್ಣು ಎದ್ದಿತ್ತು. ಅದರಲ್ಲಿ ಒಂದು ಮಗು ಹಿಂದಿನ ಸಂಜೆ ಹೋಯಿತು. ಬಟ್ಟೆಯಿಂದಲೇ ಬಂದದ್ದು ಎಂದು ಡಾಕ್ಟರು ಹೇಳಿದ್ದರು. ಅಷ್ಟು ಹೇಳಿ, ಸೂಪರಿಂಟೆಂಡೆಂಟ್ ಸಾಹೇಬರು ಕರೆಯುತ್ತಾರೆ, ಬಾ ಎಂದು ಸಿಸ್ಟರ್ ಮೆಟ್ಟಿಲು ಹತ್ತಿದಳು.

ದೊಡ್ಡಕ್ಕ ಆ ಮನೆಯಲ್ಲಿ ವಯಸ್ಸಿಗೆ ದೊಡ್ಡವಳಲ್ಲ. ಅವಳಿಗಿಂತ ಮೊದಲು ಅಲ್ಲಿ ಮೇಸ್ತ್ರಿಯೊಬ್ಬನಿದ್ದ. ಒಂದು ಟವೆಲು ಹರಿದರೂ ಯಾರು ಹರಿದರು ಎಂದು ಹುಡುಕಿ, ಸಿಕ್ಕಿದವರನ್ನು ಎಲ್ಲರ ಮುಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದ. ಒಬ್ಬರ ಮೇಲೊಬ್ಬರು ಚಾಡಿ ಹೇಳಿ, ಒಬ್ಬರ ಕಣ್ಣಿಗೊಬ್ಬರು ಬೀಳದೆ ಬದುಕುತ್ತಿದ್ದ ಕಾಲ ಅದು. ಅವನು ಹೋದ ಮೇಲೆ ಆ ಜಾಗಕ್ಕೆ ಇವಳನ್ನು ಹಾಕಿ ಎಂದು ಹೇಳಿದವಳು ಇಸ್ತ್ರಿ ಮೇಜಿನ ಚಿಕ್ಕಮ್ಮ. ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರೂ ದೊಡ್ಡಕ್ಕನಿಗೆ ಅವಳು ನಿಜವಾಗಿಯೂ ಚಿಕ್ಕಮ್ಮ, ತಾಯಿಯ ತಂಗಿ. ಲಂಗ ಉಡುವ ವಯಸ್ಸಿನಲ್ಲಿ ಕೈ ಹಿಡಿದು ಈ ಕೆಲಸಕ್ಕೆ ಕರೆತಂದವಳೂ ಅವಳೇ.

ಮೇಸ್ತ್ರಿಯ ಕುರ್ಚಿಯನ್ನು ದೊಡ್ಡಕ್ಕ ಮೊದಲ ದಿನವೇ ಬಾಯ್ಲರ್ ಕೋಣೆಗೆ ಹಾಕಿಸಿದಳು. ಯಾರೂ ಮುಟ್ಟಲು ಹೇಸುವ ತೊಟ್ಟಿಯನ್ನು ತಾನು ಹಿಡಿದಳು. ಭಾರದ ಗಾಡಿ ತಾನು ಎಳೆದಳು. ಯಾರಿಗಾದರೂ ಮೈ ಹುಷಾರಿಲ್ಲದಿದ್ದರೆ ಅವರ ಜಾಗದಲ್ಲಿ ತಾನೇ ನಿಂತಳು. ಮೇಲಿನಿಂದ ದೂರು ಬಂದರೆ, ಅದು ಯಾರ ತಪ್ಪೇ ಆಗಿರಲಿ, ಸೆರಗು ಸರಿಮಾಡಿಕೊಂಡು ಮೇಲೆ ಹೋಗಿ ತಲೆ ತಗ್ಗಿಸಿ ನಿಂತು, "ನನ್ನ ಕೈಯಿಂದಾಯ್ತು ಸಾರ್," ಎನ್ನುತ್ತಿದ್ದಳು. ಬೈಸಿಕೊಂಡು ಕೆಳಗೆ ಬಂದು ಮತ್ತೆ ತೊಟ್ಟಿಗೆ ಕೈ ಹಾಕುತ್ತಿದ್ದಳು. ಯಾರದು ಎಂದು ಕೇಳುತ್ತಿರಲಿಲ್ಲ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಹಾಗಾಗಿ ಆ ಮನೆಯಲ್ಲಿ ಚಾಡಿ ನಿಂತಿತು, ಜಗಳ ನಿಂತಿತು, ಊಟದ ಡಬ್ಬಿಗಳು ಒಂದರ ಪಕ್ಕ ಒಂದು ತೆರೆದುಕೊಂಡವು. "ಈ ಮನೇಲಿ ಬೆಕ್ಕು ಹಾಲು ಕುಡಿದ್ರೂ ದೊಡ್ಡಕ್ಕನೇ ಕುಡಿದ್ಲು ಅಂತ ಬರ್ಕೊಳ್ಳಿ," ಎಂದು ಬಾಯ್ಲರ್ ಮಾವ ನಗುತ್ತಿದ್ದ. ಬಾಯ್ಲರ್ ನೋಡಿಕೊಳ್ಳುವ ಅವನೊಬ್ಬನೇ ಅಲ್ಲಿ ಗಂಡಸು. ಉಳಿದವರೆಲ್ಲ ಹೆಂಗಸರು.

ಆ ಬೆಳಿಗ್ಗೆಯೂ ದೊಡ್ಡಕ್ಕ ಮೇಲೆ ಹೋಗಿ ಸಾಹೇಬರ ಮುಂದೆ ನಿಂತು ಅದನ್ನೇ ಅಂದಳು. ಸಾಹೇಬರಿಗೆ ಅಷ್ಟೇ ಸಾಕಾಗಿತ್ತು. ಸತ್ತ ಮಗುವಿನ ಕಡೆಯವರು ಹೊರಗೆ ಕೂತಿದ್ದರು. ಅವರಿಗೆ ಹೇಳಲು ಸಾಹೇಬರಿಗೆ ಒಂದು ಉತ್ತರ ಬೇಕಿತ್ತು, ಅದು ಸಿಕ್ಕಿತು. ನಿನ್ನನ್ನು ಏನು ಮಾಡಬೇಕೆಂದು ಆಮೇಲೆ ಯೋಚಿಸುತ್ತೇನೆ, ಈಗ ಹೋಗಿ ಕೆಲಸ ನೋಡು ಎಂದರು.

ಹೊರಗೆ ಬಂದಾಗ ಸಿಸ್ಟರ್ ಅವಳ ಮೊಣಕೈ ಹಿಡಿದು ನಿಲ್ಲಿಸಿದಳು.

"ನಿನ್ನ ಕೈಯಿಂದ ಆಯ್ತು ಅಂದೆ, ಸರಿ. ಹೇಗಾಯ್ತು?"

ದೊಡ್ಡಕ್ಕ ಬೈಸಿಕೊಳ್ಳುವವಳಂತೆ ತಲೆ ತಗ್ಗಿಸಿದಳು.

"ಒಪ್ಕೊಂಡಿದ್ದರಿಂದ ನನಗೇನೂ ಆಗಬೇಕಾಗಿಲ್ಲ. ಒಳಗೆ ಇನ್ನೂ ಮಕ್ಕಳಿವೆ. ಬಟ್ಟೆ ಹಸಿ ಉಳಿದಿದ್ದು ಎಲ್ಲಿ, ಯಾಕೆ, ಅದು ಹೇಳು."

ಇಷ್ಟು ವರ್ಷಗಳಲ್ಲಿ ಅವಳನ್ನು ಹಾಗೆ ಯಾರೂ ಕೇಳಿರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿ ಕೆಳಗಿಳಿದಳು.

ಮಕ್ಕಳ ಬಟ್ಟೆಯ ದಾರಿ ಬೇರೆ. ಅದನ್ನು ದೊಡ್ಡ ಡ್ರಮ್ಮಿಗೆ ಹಾಕುವಂತಿಲ್ಲ. ಸಣ್ಣ ಡ್ರಮ್ಮಿನಲ್ಲಿ ಒಗೆದು, ಕುದಿಸಿ, ಹಿಂಡಿ, ಹಬೆಯ ಕೊಳವೆಗಳು ಹಾದುಹೋಗುವ ಒಣಗಿಸುವ ಕೋಣೆಯಲ್ಲಿ ಹಗ್ಗಕ್ಕೆ ಹಾಕಬೇಕು. ಬಿಸಿಲಿದ್ದರೆ ತಾರಸಿ. ಆಮೇಲೆ ಚಿಕ್ಕಮ್ಮ ಒಂದೊಂದನ್ನೂ ಕೈಯಿಂದ ಇಸ್ತ್ರಿ ಮಾಡಿ, ಅಂಚಿನ ಉದ್ದಕ್ಕೂ ಬೆರಳು ಎಳೆದು ಹಸಿ ಇದೆಯಾ ನೋಡಿ, ಇದ್ದರೆ ವಾಪಸು ಹಗ್ಗಕ್ಕೆ, ಇಲ್ಲದಿದ್ದರೆ ಪಕ್ಕಕ್ಕೆ. ಪಕ್ಕದಲ್ಲಿ ಗುಬ್ಬಿ ನಿಂತು ಮಡಿಸಿ ಗಂಟು ಕಟ್ಟುತ್ತಾಳೆ. ಗುಬ್ಬಿ ಅಂದರೆ ಗಿಡ್ಡಗೆ, ಚುರುಕಾಗಿ, ಒಂದು ಕಡೆ ನಿಲ್ಲದ ಹೆಂಗಸು. ಆ ಹೆಸರು ಅವಳಿಗೆ ಚಿಕ್ಕಮ್ಮನೇ ಇಟ್ಟದ್ದು.

ಊಟದ ಹೊತ್ತಿಗೆ ಎಲ್ಲರನ್ನೂ ಕೂರಿಸಿ ದೊಡ್ಡಕ್ಕ ಮಗುವಿನ ವಿಷಯ ಹೇಳಿದಳು. ಯಾರೂ ಡಬ್ಬಿ ಮುಚ್ಚಳ ತೆಗೆಯಲಿಲ್ಲ. ನಾನು ಬೈಯುವುದಿಲ್ಲ, ಮೇಲೆ ಹೋಗಿ ಯಾರ ಹೆಸರೂ ಎತ್ತುವುದಿಲ್ಲ, ಎಲ್ಲಿ ತಪ್ಪಿತು ಎಂದು ಹೇಳಿದರೆ ಸಾಕು ಎಂದು ಬೇಡಿಕೊಂಡಳು.

ಮೊದಲು ಡ್ರಮ್ಮಿನವಳು ಎದ್ದಳು. ಬೇಗ ಮನೆಗೆ ಹೋಗುವ ಆಸೆಗೆ ಹಿಂಡುವ ಚಕ್ರವನ್ನು ಬೇಗ ನಿಲ್ಲಿಸಿದ್ದೆ, ನನ್ನದೇ ತಪ್ಪು ಎಂದಳು. ಅವಳ ಮಾತು ಮುಗಿಯುವ ಮೊದಲೇ ಹಗ್ಗದ ಕೋಣೆಯ ಉದ್ದನೆಯವಳು ಎದ್ದು, ಅದೆಲ್ಲ ಸುಳ್ಳು, ಬಟ್ಟೆ ಬೇಗ ಎಳೆದುಕೊಂಡಿದ್ದು ತಾನು ಎಂದಳು. ಬಾಯ್ಲರ್ ಮಾವ ಬಾಗಿಲಲ್ಲಿ ನಿಂತು ಹಬೆ ಇಳಿದುಹೋಗಿದ್ದು ತನ್ನ ನಿದ್ದೆಯಿಂದ, ಹೆಂಗಸರನ್ನು ಬಿಟ್ಟುಬಿಡು ಎಂದ. ಒಬ್ಬರ ಮಾತಿಗೆ ಒಬ್ಬರ ಮಾತು ಹೊಂದುತ್ತಿರಲಿಲ್ಲ. ಒಬ್ಬರು ಬುಧವಾರ ಅಂದರೆ ಇನ್ನೊಬ್ಬರು ಶುಕ್ರವಾರ ಎನ್ನುತ್ತಿದ್ದರು. ಕೊನೆಗೆ ಗುಬ್ಬಿಯೂ ಎದ್ದಳು.

"ನಂದೇ ದೊಡ್ಡಕ್ಕ. ಬರ್ಕೋ."

"ನೀನು ಆ ವಾರ ಊರಲ್ಲೇ ಇರಲಿಲ್ಲವಲ್ಲೇ ಮಹರಾಯ್ತಿ. ಮಗಳ ಬಾಣಂತನಕ್ಕೆ ಹೋಗಿದ್ದೆ."

"ಅದಕ್ಕೇ ನಂದು ಅಂತಿರೋದು."

ಅಷ್ಟು ದುಃಖದಲ್ಲೂ ಯಾರೋ ಕಿಸಕ್ಕೆಂದು ನಕ್ಕರು. ಗುಬ್ಬಿ ನಗಲಿಲ್ಲ. ಮೂಲೆಯಲ್ಲಿ ಕೂತಿದ್ದ ಚಿಕ್ಕಮ್ಮ, "ಇನ್ಯಾರದಮ್ಮ, ನನ್ನ ಕೈಯಿಂದಲೇ ಆಗಿದ್ದು," ಅಂದಳು. "ನೀನೂ ಶುರು ಮಾಡಿದೆಯಾ ಚಿಕ್ಕಮ್ಮ," ಎಂದು ದೊಡ್ಡಕ್ಕ ಹಣೆ ಹಿಡಿದುಕೊಂಡಳು.

ಅವರೆಲ್ಲ ಅವಳನ್ನು ಉಳಿಸಲು ಹೊರಟಿದ್ದರು. ಅವಳು ಇಷ್ಟು ವರ್ಷ ಮಾಡಿದ್ದನ್ನು ನೋಡಿ ನೋಡಿ ಕಲಿತವರು ತಾನೇ. ಅವಳಿಗೆ ಎದೆ ತುಂಬಿ ಬಂತು. ತಪ್ಪು ನನ್ನದು ಅನ್ನುವವರು ಮನೆ ತುಂಬ ಇದ್ದರು. ತಪ್ಪು ಎಲ್ಲಿದೆ ಎಂದು ಹೇಳುವವರು ಒಬ್ಬರೂ ಇರಲಿಲ್ಲ.

ಯಾರ ಮಾತು ನಂಬುವುದು? ದೊಡ್ಡಕ್ಕ ಎಲ್ಲರ ಮಾತನ್ನೂ ನಂಬಿದಂತೆ ಮಾಡಿದಳು. ಹಿಂಡುವ ಚಕ್ರದ ಹತ್ತಿರ ತಾನೇ ನಿಂತು ಅದು ಪೂರ್ತಿ ನಿಲ್ಲುವವರೆಗೂ ಕಾದಳು. ಬಾಯ್ಲರಿನ ಮುಳ್ಳು ಇಳಿಯದಂತೆ ಮಾವನ ಬೆನ್ನು ಹತ್ತಿದಳು. ತೊಂದರೆ ಒಣಗಿಸುವುದರಲ್ಲೇ ಇರಬೇಕು ಎನ್ನಿಸಿ, ಆ ಕೋಣೆಗೆ ಇನ್ನೊಂದು ಚುರುಕು ಕೈ ಇರಲಿ ಎಂದು ಗುಬ್ಬಿಯನ್ನು ಮಡಿಸುವ ಮೇಜಿನಿಂದ ಎಬ್ಬಿಸಿ ಅಲ್ಲಿಗೆ ಹಾಕಿದಳು. ಗುಬ್ಬಿ ಒಪ್ಪಲಿಲ್ಲ. ನಾನು ಮೇಜು ಬಿಟ್ಟು ಎಲ್ಲಿಗೂ ಬರುವುದಿಲ್ಲ, ಬೇರೆ ಯಾರನ್ನಾದರೂ ಹಾಕು ಎಂದು ಹಟ ಹಿಡಿದಳು. ಆ ಕೋಣೆಯ ಸೆಕೆಗೆ ಹೆದರಿದಳು ಎಂದುಕೊಂಡು ದೊಡ್ಡಕ್ಕ, ಬೇಕಾದರೆ ನಿನ್ನ ಜೊತೆ ನಾನೂ ನಿಲ್ಲುತ್ತೇನೆ ಎಂದಳು. ಅದಕ್ಕೆ ಗುಬ್ಬಿ ಏನು ಹೇಳಿಯಾಳು. ಹೋದಳು. ಮಡಿಸುವ ಕೆಲಸವನ್ನೂ ನಾನೇ ನೋಡಿಕೊಳ್ಳುತ್ತೇನೆ ಬಿಡು ಎಂದಳು ಚಿಕ್ಕಮ್ಮ.

ಇಸ್ತ್ರಿ ಮೇಜಿನ ಹತ್ತಿರ ಮಾತ್ರ ದೊಡ್ಡಕ್ಕ ಹೋಗಲಿಲ್ಲ. ಅಲ್ಲಿ ಚಿಕ್ಕಮ್ಮ ಇದ್ದಳು. ಅವಳ ಕೈ ದಾಟಿ ಹಸಿ ಬಟ್ಟೆ ಹೋಗುವುದೆಂದರೆ ಏನು, ತಾನು ಬಟ್ಟೆ ಮುಟ್ಟಿ ನೋಡಲು ಕಲಿತದ್ದೇ ಆ ಕೈಯಿಂದ.

ವಾರ ಕಳೆಯಿತು. ಬಿಸಿಲು ಬರಲಿಲ್ಲ. ಸಿಸ್ಟರ್ ಕೆಳಗೆ ಬರಲಿಲ್ಲ, ಗಾಡಿಯವನ ಬಾಯಲ್ಲಿ ಹೇಳಿ ಕಳಿಸಿದಳು. ದೊಡ್ಡಕ್ಕ ಹೋದಾಗ ಅವಳನ್ನು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಒಳಗೆ ಹೆಣ್ಣುಮಗು, ಅಂಗೈಗಿಂತ ಸ್ವಲ್ಪ ದೊಡ್ಡದು, ಬೋರಲು ಮಲಗಿಸಿದ್ದರು. ಬೆನ್ನಿನ ನಡುವೆ ಕಪ್ಪು. ಉಸಿರಾಡಿದಾಗ ಅದೂ ಏಳುತ್ತಿತ್ತು, ಇಳಿಯುತ್ತಿತ್ತು. ಗೋಡೆ ಪಕ್ಕದ ಬೆಂಚಿನ ಮೇಲೆ ಎಳೆ ಬಾಣಂತಿಯೊಬ್ಬಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ದೊಡ್ಡಕ್ಕನನ್ನು ನೋಡಿ, ಇವಳು ಯಾರೋ ಆಸ್ಪತ್ರೆಯವಳು, ಏನಾದರೂ ಒಳ್ಳೆಯದು ಹೇಳಿಯಾಳು ಎನ್ನುವಂತೆ ಎದ್ದು ನಿಂತಳು.

"ಈಗ ಹೇಳು," ಅಂದಳು ಸಿಸ್ಟರ್. "ಹೇಗಾಯ್ತು?"

ಆ ಹಳೆಯ ಮಾತು ನಾಲಿಗೆಯವರೆಗೆ ಬಂತು. ಆ ತಾಯಿಯ ಮುಂದೆ ಅದು ಬಾಯಿಂದ ಹೊರಗೆ ಬೀಳಲಿಲ್ಲ.

ಕೆಳಗೆ ಬಂದು ದೊಡ್ಡಕ್ಕ ಒಂದು ಮಾಡಬಾರದ ಕೆಲಸ ಮಾಡಿದಳು. ಇಸ್ತ್ರಿಗೆ ಬಂದ ಒಣಗಿದ ರಾಶಿಯಿಂದ ಒಂದು ಬಟ್ಟೆ ತೆಗೆದು, ಯಾರೂ ನೋಡದಂತೆ ಅದರ ಅಂಚನ್ನು ನೀರಿಗೆ ಅದ್ದಿ, ಹಿಂಡಿ, ಮತ್ತೆ ರಾಶಿಯ ನಡುವೆ ಸೇರಿಸಿದಳು. ಗೋಡೆಯ ಹತ್ತಿರ ಚೀಲ ಎಣಿಸುವವಳಂತೆ ನಿಂತಳು. ಹೆತ್ತ ತಾಯಿಯ ಸೆರಗಿನ ಗಂಟು ಬಿಚ್ಚಿದಂತೆ ಅನ್ನಿಸುತ್ತಿತ್ತು ಅವಳಿಗೆ.

ಚಿಕ್ಕಮ್ಮ ಒಂದೊಂದಾಗಿ ಎಳೆದುಕೊಂಡಳು. ಭಾರದ ಇಸ್ತ್ರಿ ಪೆಟ್ಟಿಗೆ ಹೋಯಿತು, ಬಂತು. ಆ ಬಟ್ಟೆಯ ಸರದಿ ಬಂದಾಗ ಅಂಚಿನಿಂದ ತೆಳ್ಳಗೆ ಹಬೆ ಎದ್ದಿತು. ಚಿಕ್ಕಮ್ಮನ ಕಣ್ಣಿಗೆ ಹಬೆ ಕಾಣುವ ಕಾಲ ಹೋಗಿತ್ತು. ಅವಳು ಇಸ್ತ್ರಿ ಬದಿಗಿಟ್ಟು, ಅಭ್ಯಾಸದಂತೆ ಅಂಚಿನ ಉದ್ದಕ್ಕೂ ಬೆರಳು ಎಳೆದಳು. ಈ ತುದಿಯಿಂದ ಆ ತುದಿಯವರೆಗೆ, ನಿಧಾನವಾಗಿ, ಪ್ರೀತಿಯಿಂದ. ಹಸಿಯ ಮೇಲೆಯೇ ಬೆರಳು ಹೋಯಿತು. ಎಲ್ಲೂ ನಿಲ್ಲಲಿಲ್ಲ. ಮಡಿಸಿ ಪಕ್ಕಕ್ಕಿಟ್ಟಳು.

ಒಣಗಿಸುವ ಕೋಣೆಯಿಂದ ಗುಬ್ಬಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಓಡಿ ಬಂದಳು, ನೀರು ಕುಡಿಯುವವಳಂತೆ. ಹೋಗುವಾಗ ಮಡಿಸಿದ ರಾಶಿಯ ಅಂಚುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಒಂದು ಕಡೆ ಬೆರಳು ನಿಂತಿತು. ಆ ಬಟ್ಟೆಯನ್ನು ಎಳೆದು ಕಂಕುಳಲ್ಲಿ ಸೇರಿಸಿಕೊಂಡು, ಯಾರ ಮುಖವನ್ನೂ ನೋಡದೆ, ವಾಪಸು ಹಗ್ಗದ ಕೋಣೆಗೆ ಹೋದಳು. ಮೈಮೇಲೆ ಕೂತ ನೊಣ ಓಡಿಸಿದಷ್ಟು ಸಲೀಸಾಗಿತ್ತು ಅದು. ಇಂದು ನಿನ್ನೆಯದಲ್ಲ ಎಂದು ದೊಡ್ಡಕ್ಕನಿಗೆ ಹೊಳೆಯಿತು. ಗುಬ್ಬಿ ರಜೆಯಲ್ಲಿದ್ದ ವಾರ ಆ ಹೆಬ್ಬೆರಳು ಇರಲಿಲ್ಲ. ಆಮೇಲೆ ಗುಬ್ಬಿ ಬಂದಳು. ಹಗ್ಗದ ಕೋಣೆಯಿಂದ ಹೀಗೆ ಕದ್ದು ಓಡಿ ಬಂದು ಎಷ್ಟು ಬಟ್ಟೆ ನೋಡಿಯಾಳು? ಅವಳನ್ನು ಮೇಜಿನಿಂದ ಎಬ್ಬಿಸಿದ್ದು ಯಾರು? ತಾನೇ. ಆ ಹೆಣ್ಣುಮಗುವಿನ ಬೆನ್ನು ಕಣ್ಣ ಮುಂದೆ ಬಂತು.

ಚೀಲಗಳನ್ನು ಅಲ್ಲೇ ಬಿಟ್ಟು ದೊಡ್ಡಕ್ಕ ಹೋಗಿ ಚಿಕ್ಕಮ್ಮನ ಕೈ ಹಿಡಿದುಕೊಂಡಳು. ಬೆರಳ ತುದಿಗಳು ಸವೆದು ನುಣುಪಾಗಿದ್ದವು. ಅಲ್ಲಲ್ಲಿ ಸುಟ್ಟ ಗುಳ್ಳೆ, ಹಳೆಯದು, ಹೊಸದು. ಹೊಸದೊಂದು ಒಡೆದು ನೀರು ಇಳಿಯುತ್ತಿತ್ತು. ಚಿಕ್ಕಮ್ಮನಿಗೆ ಅದು ಗೊತ್ತೇ ಇರಲಿಲ್ಲ.

"ಯಾವಾಗಿಂದ ಚಿಕ್ಕಮ್ಮ?"

"ಸುಮಾರು ಕಾಲ ಆಯ್ತು. ಮೊದಲು ಎಡಗೈ. ಆಮೇಲೆ ಇದೂ ಹೋಯ್ತು."

"ಒಂದು ಮಾತು ನನಗೆ ಹೇಳಬಾರದಿತ್ತಾ?"

"ಹೇಳಿದೆನಲ್ಲೇ ಅವತ್ತು, ಊಟದ ಹೊತ್ತಲ್ಲಿ."

"ಎಲ್ಲರ ಜೊತೆ ಸೇರಿಸಿ ಹೇಳಿದೆ."

"ಒಬ್ಬಳೇ ಹೇಳೋ ಧೈರ್ಯ ಇರಲಿಲ್ಲ." ಚಿಕ್ಕಮ್ಮ ಕೈ ಬಿಡಿಸಿಕೊಂಡು ಇಸ್ತ್ರಿ ಪೆಟ್ಟಿಗೆಯನ್ನು ಅದರ ಜಾಗಕ್ಕೆ ಸರಿಸಿದಳು. "ಮುಂಚೆನೇ ಹೇಳಿದ್ದಿದ್ರೆ ಏನು ಮಾಡ್ತಿದ್ದೆ ನೀನು? ಈ ಮೇಜಿಗೂ ನೀನೇ ಬಂದು ನಿಲ್ತಿದ್ದೆ. ತೊಟ್ಟಿ ನಿಂದು, ಗಾಡಿ ನಿಂದು, ಬೈಗುಳ ನಿಂದು. ಇನ್ನೊಂದು ಹೊರೆ ನಾನು ಹೊರಿಸ್ಲಾ? ನಿನ್ನ ಬೆನ್ನು ನೋಡಿದ್ದೀಯಾ ನೀನು ಎಂದಾದ್ರೂ? ನಾವು ದಿನಾ ನೋಡ್ತೀವಿ."

ಅಷ್ಟರಲ್ಲಿ ಎಲ್ಲರೂ ಬಂದು ಸುತ್ತ ನಿಂತಿದ್ದರು. ಎಲ್ಲರಿಗೂ ಒಂದಲ್ಲ ಒಂದು ಚೂರು ಗೊತ್ತಿತ್ತು. ಡ್ರಮ್ಮಿನವಳು ಚಿಕ್ಕಮ್ಮನ ಸುಟ್ಟ ಗಾಯಕ್ಕೆ ಎಣ್ಣೆ ಹಚ್ಚುತ್ತಿದ್ದಳು. ಉದ್ದನೆಯವಳು ಚಿಕ್ಕಮ್ಮನ ಪಾಲಿನ ಬಟ್ಟೆಯನ್ನು ಹಗ್ಗದಲ್ಲಿ ಜಾಸ್ತಿ ಹೊತ್ತು ಬಿಡುತ್ತಿದ್ದಳು. ಪೂರ್ತಿ ಗೊತ್ತಿದ್ದವಳು ಗುಬ್ಬಿ ಒಬ್ಬಳೇ. ಚಿಕ್ಕಮ್ಮನ ಗಂಡ, ಚಿಕ್ಕಪ್ಪ, ಪಾರ್ಶ್ವವಾಯು ಹೊಡೆದು ಮಂಚ ಹಿಡಿದು ವರ್ಷಗಳಾಗಿದ್ದವು. ಆಸ್ಪತ್ರೆಯ ಹಿಂದಿನ ಸಾಲುಮನೆಯಲ್ಲಿ ಅವರಿದ್ದ ಒಂದು ಕೋಣೆ ಕೆಲಸದ ಜೊತೆ ಸಿಕ್ಕಿದ್ದು. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಅದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಗುಬ್ಬಿಯೇ ಮೊದಲು ಮಾತೆತ್ತಿದಳು. ಈಗ ಗೊತ್ತಾಯಿತಲ್ಲ, ಚಿಕ್ಕಮ್ಮನನ್ನು ಮೇಜಿನಿಂದ ಎಬ್ಬಿಸಿ ಚೀಲ ಹೊಲಿಯಲು ಕೂರಿಸೋಣ, ಇಸ್ತ್ರಿ ನಾನು ಹಿಡಿಯುತ್ತೇನೆ, ಮೇಲಿನವರಿಗೆ ಏಕೆ ಗೊತ್ತಾಗಬೇಕು ಎಂದಳು.

"ಈ ಸಲಾನೂ ನಿನ್ನ ಕೈಯಿಂದಾಯ್ತು ಅಂದುಬಿಡು ದೊಡ್ಡಕ್ಕ. ನಿನ್ನನ್ನ ಅವರು ಏನೂ ಮಾಡಲ್ಲ. ನೀನಿಲ್ಲದೆ ಇವರ ಹಾಸಿಗೆ ಹಾಸೋರು ಯಾರು."

ದೊಡ್ಡಕ್ಕನಿಗೆ ಅದು ಸರಿ ಅನ್ನಿಸಿತು. ಅದೊಂದೇ ದಾರಿ ಕಾಲಿಗೆ ಗೊತ್ತಿದ್ದದ್ದು. ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತುವಾಗ ಹಿಂದಿನಿಂದ ಚಿಕ್ಕಮ್ಮ ಹೇಳಿದಳು.

"ಹೇಳೋದಾದ್ರೆ ಇದ್ದದ್ದು ಇದ್ದಂಗೇ ಹೇಳು, ನಾನೇನು ಬೇಡ ಅನ್ನಲ್ಲ. ನಿಮ್ಮ ಚಿಕ್ಕಪ್ಪನ್ನ ಎಲ್ಲಿ ಮಲಗಿಸಲಿ ಅನ್ನೋದನ್ನೂ ಹೇಳಿ ಹೋಗು."

ಎಳೆಮಕ್ಕಳ ವಾರ್ಡಿನ ಹೊರಗೆ ಸಿಸ್ಟರ್ ಸಿಕ್ಕಿದಳು. ಬಟ್ಟೆ ಹಸಿ ಉಳಿದದ್ದು ಇಸ್ತ್ರಿ ಮೇಜಿನಲ್ಲಿ, ಅಂಚು ಸರಿಯಾಗಿ ನೋಡಿರಲಿಲ್ಲ ಎಂದು ದೊಡ್ಡಕ್ಕ ಹೇಳಿದಳು. ಅಲ್ಲಿಯವರೆಗೆ ನಿಜ. ಆಮೇಲೆ, "ಇಸ್ತ್ರಿ ಮಾಡಿದ್ದು ನಾನು. ನನ್ನ ಕೈಯಿಂದಾಯ್ತು," ಅಂದಳು.

ಸಿಸ್ಟರ್ ಅವಳ ಕೈ ನೋಡಿದಳು. ನೀರಲ್ಲಿ ನೆನೆದು ನೆನೆದು ಬಿಳಿಚಿ, ಮಡಿಕೆ ಮಡಿಕೆಯಾಗಿ, ಉಗುರು ಮೆತ್ತಗಾದ ಕೈ. ಒಂದು ಸುಟ್ಟ ಕಲೆ ಇರಲಿಲ್ಲ.

"ಇದು ಇಸ್ತ್ರಿ ಹಿಡಿಯೋ ಕೈಯಲ್ಲ," ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ, ದಣಿವಿತ್ತು. "ನೋಡು. ಎಷ್ಟು ಕಾಲದಿಂದ ಹೀಗೆ? ಆ ಮೇಜಿಂದ ಬೇರೆ ಯಾವ ವಾರ್ಡಿಗೆ ಹೋಗಿದೆ? ಸುಟ್ಟವರ ವಾರ್ಡಿಗೆ ಹೋಗಿದ್ಯಾ? ನಾನು ಇವತ್ತೇ ಕಪಾಟು ತೆಗೆಸಬೇಕು. ನೀನು ಸುಳ್ಳು ಹೇಳಿದ್ರೆ ನಾನು ಸುಳ್ಳು ಕಪಾಟು ತೆಗೆಸ್ತೀನಿ. ಆ ಕೈ ಯಾರದು ಹೇಳು. ಅವರನ್ನೇ ಕೇಳ್ಬೇಕು ನಾನು."

ಬೆಂಚಿನ ಮೇಲೆ ಆ ಬಾಣಂತಿ ಇನ್ನೂ ಕೂತಿದ್ದಳು. ಯಾರೋ ತಂದುಕೊಟ್ಟ ಲೋಟ ಅವಳ ಕೈಯಲ್ಲಿತ್ತು. ಅದನ್ನು ಕುಡಿಯುವುದು ಮರೆತಿದ್ದಳು.

ದೊಡ್ಡಕ್ಕ ಚಿಕ್ಕಮ್ಮನ ಹೆಸರು ಹೇಳಿದಳು. ಅಷ್ಟು ವರ್ಷ ಚಿಕ್ಕಮ್ಮ ಎಂದೇ ಕರೆದ ಬಾಯಿಗೆ ಆ ಹೆಸರು ಯಾರೋ ಪರರದ್ದೆಂಬಂತೆ ಇತ್ತು. ಎರಡು ಸಲ ಹೇಳಬೇಕಾಯಿತು, ಮೊದಲ ಸಲ ಸಿಸ್ಟರಿಗೆ ಕೇಳಿಸಲಿಲ್ಲ.

ಆಮೇಲಿನದು ಬೇಗ ಬೇಗ ಆಯಿತು. ಸಿಸ್ಟರ್ ಕೆಳಗೆ ಬಂದು ಚಿಕ್ಕಮ್ಮನ ಎದುರು ಸ್ಟೂಲು ಹಾಕಿಕೊಂಡು ಕೂತು ಎಲ್ಲ ಕೇಳಿದಳು. ಚಿಕ್ಕಮ್ಮ ಒಂದನ್ನೂ ಮುಚ್ಚಿಡಲಿಲ್ಲ. ಮೇಲಿನ ಕಪಾಟುಗಳಿಂದ ಗಂಟುಗಂಟಾಗಿ ಬಟ್ಟೆ ಕೆಳಗಿಳಿಯಿತು, ಎಲ್ಲವೂ ಮತ್ತೆ ಕುದಿಯಿತು. ಸುಟ್ಟವರ ವಾರ್ಡಿಗೆ ಕಟ್ಟಿಟ್ಟಿದ್ದ ಗಂಟಿನಲ್ಲೂ ಕಪ್ಪು ಚುಕ್ಕೆ ಇತ್ತು. ಅದನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ. ಆ ಹೆಣ್ಣುಮಗು ಉಳಿಯಿತು, ಬೆನ್ನಿನ ಮೇಲೆ ಜೀವಮಾನದ ಗುರುತು ಹೊತ್ತುಕೊಂಡು. ಮತ್ತೆ ಯಾವ ಮಗುವಿಗೂ ಹುಣ್ಣು ಏಳಲಿಲ್ಲ.

ಸಾಹೇಬರು ಚಿಕ್ಕಮ್ಮನನ್ನು ಕೆಲಸದಿಂದ ತೆಗೆದರು. ವಾರದೊಳಗೆ ಕೋಣೆ ಬಿಡಬೇಕೆಂದರು. ದೊಡ್ಡಕ್ಕ ಹೋಗಿ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡಳು. ಚೀಲ ಹೊಲಿಯಲು ಕೂರಿಸಿ, ಬಾಗಿಲು ಕಾಯಲು ಹಾಕಿ, ಅವಳ ಬದಲು ನನ್ನನ್ನು ತೆಗೆಯಿರಿ, ಮೇಜಿನಿಂದ ಗುಬ್ಬಿಯನ್ನು ಎಬ್ಬಿಸಿದ್ದು ನಾನು ಎಂದಳು.

"ನಿನ್ನ ಯಾವ ಮಾತು ನಂಬಲಿ ನಾನು?" ಎಂದರು ಸಾಹೇಬರು. "ಮೊದಲು ನಾನೇ ಅಂದೆ. ಆಮೇಲೆ ಅವಳು ಅಂದೆ. ಈಗ ಮತ್ತೆ ನಾನೇ ಅಂತೀಯ. ನಾನು ಬಂದಾಗಿನಿಂದ ಈ ಆಸ್ಪತ್ರೇಲಿ ನೀನು ಮಾಡದೇ ಇರೋ ತಪ್ಪೇ ಇಲ್ಲ."

ಅವರು ಹೇಳಿದ್ದು ನಿಜವೇ ಆಗಿತ್ತು.

ನೆಲಮಾಳಿಗೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟದ ಹೊತ್ತಿಗೆ ಡಬ್ಬಿಗಳು ತೆರೆದುಕೊಂಡವು, ಅವಳು ಬಂದು ಕೂತರೆ ಮಾತು ನಿಲ್ಲುತ್ತಿತ್ತು. ಒಂದು ದಿನ ಡ್ರಮ್ಮಿನವಳು ಎದುರಿಗೆ ಬಂದು ನೆಟ್ಟಗೆ ನಿಂತು, ಸೋಡಾ ಜಾಸ್ತಿ ಬಿತ್ತು, ಒಂದು ಹೊರೆ ಹಾಸಿಗೆ ಬಟ್ಟೆ ಹಳದಿಯಾಯಿತು, ಮಾಡಿದ್ದು ನಾನು, ಬೇಕಾದರೆ ಮೇಲೆ ಹೇಳಿ ಎಂದಳು. ಹಿಂದೆ ಎಂದೂ ಹಾಗೆ ಆ ಮನೆಯಲ್ಲಿ ಒಬ್ಬರು ತಮ್ಮ ತಪ್ಪನ್ನು ಇದ್ದಂತೆ ಹೇಳಿದ್ದಿಲ್ಲ. ಕೇಳಿ ದೊಡ್ಡಕ್ಕನಿಗೆ ಸಮಾಧಾನ ಆಗಬೇಕಿತ್ತು. ಡ್ರಮ್ಮಿನವಳು ಅದನ್ನು ಹೇಳಿದ ರೀತಿ, ಆ ಹಳೆಯ ಮೇಸ್ತ್ರಿಯ ಮುಂದೆ ನಿಂತು ಹೇಳಿದಂತಿತ್ತು. "ಮೇಲೆ ಯಾಕೆ ಹೇಳಲಿ, ಇನ್ನೊಂದು ಸಲ ತೊಳೆಯೋಣ ಬಾ," ಅಂದಳು ದೊಡ್ಡಕ್ಕ. ಡ್ರಮ್ಮಿನವಳು ಬಂದಳು, ತೊಳೆದಳು, ಹೋದಳು.

ಕೋಣೆ ಬಿಡುವ ದಿನದ ಹಿಂದಿನ ಸಂಜೆ ದೊಡ್ಡಕ್ಕ ಚಿಕ್ಕಮ್ಮನ ಬಾಗಿಲಿಗೆ ಹೋದಳು. ಚಿಕ್ಕಪ್ಪನ ತಮ್ಮ ಬೇರೊಂದು ಊರಲ್ಲಿದ್ದ. ಅವನ ಮನೆಯ ಹಿಂದೆ ಸೌದೆ ಇಡುವ ಜಾಗ ಖಾಲಿ ಮಾಡಿಕೊಟ್ಟಿದ್ದನಂತೆ. ಅದೇಕೆ, ನಮ್ಮ ಮನೆಗೆ ಬಾ, ನಾವು ನೋಡಿಕೊಳ್ಳುತ್ತೇವೆ ಎಂದು ದೊಡ್ಡಕ್ಕ ಬೇಡಿದಳು. ಚಿಕ್ಕಮ್ಮ ಮೂಟೆ ಕಟ್ಟುತ್ತಿದ್ದಳು. ಬೆರಳಿಗೆ ಗಂಟು ಸಿಗುತ್ತಿರಲಿಲ್ಲ, ಹಲ್ಲಿನಿಂದ ಕಚ್ಚಿ ಬಿಗಿಯುತ್ತಿದ್ದಳು. ದೊಡ್ಡಕ್ಕ ಕೈ ಚಾಚಿದರೆ ಮೂಟೆಯನ್ನು ಆಚೆ ಎಳೆದುಕೊಂಡಳು.

"ನಿಮ್ಮ ಮನೆಗೆ ಬಂದ್ರೆ ನಮ್ಮನ್ನ ಮಂಚದ ಮೇಲೆ ಮಲಗಿಸಿ ನೀನು ನೆಲದ ಮೇಲೆ ಮಲಗ್ತೀಯ," ಅಂದಳು. "ಅದನ್ನ ದಿನಾ ನೋಡ್ಕೊಂಡಿರೋಕೆ ನನಗಾಗಲ್ಲ ಕಣೇ. ನೀನು ಮಾಡಿದ್ದು ತಪ್ಪು ಅಂತ ನಾನು ಅನ್ನಲ್ಲ. ಆ ಮಗು ನೆನೆಸ್ಕೊಂಡ್ರೆ ನನಗೂ ಅನ್ನ ಇಳಿಯಲ್ಲ. ಆದ್ರೆ ನಿನ್ನ ಮುಖ ನೋಡೋಕೆ ಇನ್ನೂ ಸ್ವಲ್ಪ ದಿನ ಬೇಕು."

ಮಾರನೆಯ ಬೆಳಿಗ್ಗೆ ಸಾಲುಮನೆಯ ಮುಂದೆ ಸಾಮಾನು ಸಾಗಿಸುವ ಗಾಡಿ ಬಂದು ನಿಂತಿತು. ರಜೆಯ ದಿನವಾದ್ದರಿಂದ ಒಗೆಯುವ ಮನೆಯವರೆಲ್ಲ ಬಂದಿದ್ದರು. ಬಾಯ್ಲರ್ ಮಾವ ಪಾತ್ರೆ ಹೊತ್ತ. ಚಿಕ್ಕಪ್ಪನನ್ನು ಮಂಚದ ಸಮೇತ ಎತ್ತಬೇಕಾಗಿತ್ತು. ಡ್ರಮ್ಮಿನವಳು, ಉದ್ದನೆಯವಳು, ಗುಬ್ಬಿ ಒಂದೊಂದು ಕಾಲು ಹಿಡಿದರು. ದೊಡ್ಡಕ್ಕ ನಾಲ್ಕನೆಯ ಕಾಲಿಗೆ ಬಗ್ಗಿದಳು. ಭಾರದ ಕಡೆ ಅದು, ತಲೆಯ ಕಡೆ.

"ಬಿಡಿ," ಅಂದಳು ಗುಬ್ಬಿ. "ನಿಮಗ್ಯಾಕೆ ತೊಂದ್ರೆ. ನಾವು ಹಿಡ್ಕೋತೀವಿ."

ಗುಬ್ಬಿ ಅವಳಿಗೆ ಬಹುವಚನ ಹಚ್ಚಿ ಮಾತಾಡಿದ್ದು ಅದೇ ಮೊದಲು. ಮಾವ ಪಾತ್ರೆ ಕೆಳಗಿಟ್ಟು ಬಂದು ನಾಲ್ಕನೆಯ ಕಾಲು ಹಿಡಿದ. ಮಂಚ ಸ್ವಲ್ಪ ಓಲಾಡಿ ಗಾಡಿ ಹತ್ತಿತು. ಚಿಕ್ಕಮ್ಮ ಪಕ್ಕದಲ್ಲಿ ಕೂತು ಗಂಡನ ಹೊದಿಕೆಯ ಅಂಚನ್ನು ಅವನ ಕೊರಳ ಕೆಳಗೆ ಸೇರಿಸಿದಳು. ಗಾಡಿ ತಿರುವು ದಾಟುವವರೆಗೂ ಎಲ್ಲರೂ ನಿಂತಿದ್ದರು, ದೊಡ್ಡಕ್ಕ ಅವರಿಂದ ಸ್ವಲ್ಪ ದೂರ ನಿಂತಿದ್ದಳು.

ಚಿಕ್ಕಮ್ಮ ಮತ್ತು ಚಿಕ್ಕಪ್ಪ ಹೋದದ್ದು ಭಾನುವಾರ. ಸೋಮವಾರ ಗುಬ್ಬಿ ಬರಲಿಲ್ಲ, ಕೆಲಸ ಬಿಟ್ಟು ಮಗಳ ಊರಿಗೆ ಹೋದಳು ಎಂದು ಗಾಡಿ ತಳ್ಳುವವನು ಬಂದು ಹೇಳಿದ.